ಗುಂಡಿನ ಗುರುತಿಗೆ ಎರಡು ನಿಮಿಷ

ಕಳೆದ ಶನಿವಾರ ಸ್ನೇಹಿತರೊಂದಿಗೆ ಅಮೆರಿಕದ ಪಶ್ಚಿಮ ವರ್ಜೀನಿಯಾದ ಮೇಟ್‌ವಾನ್‌ಗೆ ಹೋಗಿ ಬಂದೆ; ಸಿಟ್ಟು ಇನ್ನೂ ಇಳಿದಿಲ್ಲ. ಅಪಲಾಚಿಯನ್ ಬೆಟ್ಟಗಳ ನಡುವೆ, ಟಗ್ ಫೋರ್ಕ್ ನದಿಯ ದಡದಲ್ಲಿರುವ, ಐನೂರು ಜನರೂ ಇಲ್ಲದ ಈ ಊರಿಗೆ ಬಹಳ ಮಂದಿ ಬರುವುದು ಹ್ಯಾಟ್‌ಫೀಲ್ಡ್ ಮತ್ತು ಮೆಕಾಯ್ ಮನೆತನಗಳ ಹಗೆಯ ಕಥೆ ಕೇಳಲು, ಇಲ್ಲವೇ ಅದೇ ಹೆಸರಿನ ಬೆಟ್ಟದ ಹಾದಿಗಳಲ್ಲಿ ಗಾಡಿ ಓಡಿಸಿ ಮೈತುಂಬ ಕೆಸರು ಮೆತ್ತಿಕೊಳ್ಳಲು. 1882ರಲ್ಲಿ ನದಿಯ ಆಚೆ ದಡದಲ್ಲಿ ಮೂವರು ಮೆಕಾಯ್ ಸಹೋದರರನ್ನು ಪಾಪಾ ಗಿಡಗಳಿಗೆ ಕಟ್ಟಿ ಗುಂಡಿಕ್ಕಿದ ಕಥೆಯನ್ನು ನಮ್ಮವರು ಒಂದು ಗಂಟೆ ಬಾಯಿ ತೆರೆದು ಕೇಳಿದರು. ಪಾಪಾ ನಮ್ಮ ಸೀತಾಫಲದ ದಾಯಾದಿ. ಕಥೆಗೆ ತಕ್ಕ ಗಿಡವೇ.

ಅದೇ ಊರಿನ ಹಳೆಯ ಕಟ್ಟಡವೊಂದರ ಇಟ್ಟಿಗೆ ಗೋಡೆಯಲ್ಲಿ ಗುಂಡು ಬಿದ್ದ ಗುರುತುಗಳು ಇಂದಿಗೂ ಇವೆ. ಅವಕ್ಕೆ ಸಿಕ್ಕಿದ್ದು ಎರಡು ನಿಮಿಷ.

1920ರ ಮೇ 19ರಂದು, ಸಂಘಕ್ಕೆ ಸೇರಿದ ಕಲ್ಲಿದ್ದಲು ಗಣಿಯ ಕಾರ್ಮಿಕರ ಕುಟುಂಬಗಳನ್ನು ಕಂಪನಿಯ ಮನೆಗಳಿಂದ ಹೊರಹಾಕಲು ಕಂಪನಿ ಕರೆಸಿದ ಬಾಲ್ಡ್‌ವಿನ್-ಫೆಲ್ಟ್ಸ್ ಎಂಬ ಖಾಸಗಿ ಸಂಸ್ಥೆಯ ಪತ್ತೇದಾರರು ಬಂದಿದ್ದರು. ಕೆಲಸ ಮುಗಿಸಿ ಸಂಜೆಯ ರೈಲಿಗೆ ಹೊರಟವರನ್ನು ಪೊಲೀಸ್ ಮುಖ್ಯಸ್ಥ ಸಿಡ್ ಹ್ಯಾಟ್‌ಫೀಲ್ಡ್ ಮತ್ತು ಮೇಯರ್ ಟೆಸ್ಟರ್‌ಮನ್ ತಡೆದರು. ಗುಂಡಿನ ಚಕಮಕಿ ನಿಂತಾಗ ಏಳು ಪತ್ತೇದಾರರು, ಇಬ್ಬರು ಗಣಿ ಕಾರ್ಮಿಕರು ಮತ್ತು ಮೇಯರ್ ಸೇರಿ ಹತ್ತು ಮಂದಿ ಸತ್ತಿದ್ದರು. ಮರುವರ್ಷ ಆಗಸ್ಟ್ 1ರಂದು, ಕೈಯಲ್ಲಿ ಆಯುಧವಿಲ್ಲದ ಸಿಡ್‌ನನ್ನು ವೆಲ್ಚ್ ನ್ಯಾಯಾಲಯದ ಮೆಟ್ಟಿಲುಗಳ ಮೇಲೆ, ಹೆಂಡತಿಯ ಕಣ್ಣೆದುರೇ ಅದೇ ಸಂಸ್ಥೆಯವರು ಕೊಂದರು. ಆ ತಿಂಗಳು ಮುಗಿಯುವಷ್ಟರಲ್ಲಿ, ಈ ಕೊಲೆಯಿಂದ ಸಿಡಿದೆದ್ದ ಸುಮಾರು ಹತ್ತು ಸಾವಿರ ಕಾರ್ಮಿಕರು ಕೊರಳಿಗೆ ಕೆಂಪು ಕರವಸ್ತ್ರ ಕಟ್ಟಿಕೊಂಡು ಬ್ಲೇರ್ ಬೆಟ್ಟದತ್ತ ನಡೆದಿದ್ದರು. ಇಷ್ಟನ್ನೂ ನಾನು ಗೋಡೆಯ ಮುಂದೆ ನಿಂತು ಹೇಳಿದರೆ, ನಮ್ಮ ಗುಂಪಿನ ಹಿರಿಯರೊಬ್ಬರು, "ಹ್ಯಾಟ್‌ಫೀಲ್ಡ್ ಅಂದಿರಲ್ಲ, ಹಾಗಾದರೆ ಇದೂ ಅದೇ ಮನೆತನದ ಜಗಳವೇ?" ಎಂದರು. ನನ್ನ ಉಪನ್ಯಾಸ ಅಲ್ಲಿಗೆ ಮುಗಿಯಿತು.

2015ರಲ್ಲಿ ತೆರೆದ ಗಣಿ ಸಮರಗಳ ವಸ್ತುಸಂಗ್ರಹಾಲಯ ಅಲ್ಲೇ ಇದೆ. ಒಳಗೆ ಹೋದವನು ನಾನೊಬ್ಬನೇ, ಉಳಿದವರಿಗೆ ಹಸಿವಾಗಿತ್ತಂತೆ. ಗಣಿ ಕಂಪನಿಗಳು ಕೂಲಿಯ ಬದಲು ಕೊಡುತ್ತಿದ್ದ ಲೋಹದ ಬಿಲ್ಲೆಗಳು ನಮ್ಮ ಹಳೆಯ ನಾಲ್ಕಾಣೆಯಂತೆ ಕಾಣುತ್ತವೆ, ಆದರೆ ಕಂಪನಿಯ ಅಂಗಡಿಯಲ್ಲಿ ಬಿಟ್ಟರೆ ಬೇರೆಲ್ಲೂ ಅವಕ್ಕೆ ಬೆಲೆಯಿರಲಿಲ್ಲ.

ಕಲ್ಲಿದ್ದಲಿನ ದುಡಿಮೆ ಇಳಿದುಹೋದ ಊರಿಗೆ ಕೆಸರು ಗಾಡಿಯವರೇ ಅನ್ನ ಕೊಡುತ್ತಾರೆ, ಹಗೆಯ ಕಥೆ ಮಾರಿದರೆ ತಪ್ಪೇನು ಎಂದು ನೀವು ಕೇಳಬಹುದು. ಮಾರಲಿ, ಯಾರು ಬೇಡವೆಂದರು? ಎರಡು ಮನೆಗಳ ಜಗಳಕ್ಕೆ ಒಂದು ಗಂಟೆ ಕೊಡುವ ನಮಗೆ, ಇಡೀ ಊರಿನ ಹೊಟ್ಟೆಪಾಡಿನ ಜಗಳಕ್ಕೆ ಹತ್ತು ನಿಮಿಷ ಸಿಗದ್ದು ಊರಿನ ತಪ್ಪಲ್ಲ.

ನನಗೇಕೆ ಇಷ್ಟು ಉರಿ ಎಂದು ಹಳೆಯ ಗೆಳೆಯರಿಗೆ ಗೊತ್ತು. ನಾನು ಕೋಲಾರ ಚಿನ್ನದ ಗಣಿಯ ಊರಿನವನು. ನಮ್ಮ ಅಜ್ಜ ಬದುಕಿದ್ದೂ ಕಂಪನಿಯ ಲೈನು ಮನೆಯಲ್ಲೇ. ಈಗ ಊರಿನ ಹೆಸರು ಹೇಳಿದರೆ ಎಲ್ಲರಿಗೂ ಸಿನಿಮಾ ನೆನಪಾಗುತ್ತದೆ, ಬೆರಳಚ್ಚು ಕೊಡುವುದಿಲ್ಲವೆಂದು 1930ರಲ್ಲಿ ಕಾರ್ಮಿಕರು ಹೂಡಿದ ಮುಷ್ಕರ ಯಾರಿಗೂ ನೆನಪಾಗುವುದಿಲ್ಲ. ನನಗಾದರೂ ಅದು ತಿಳಿದದ್ದು ಮೂವತ್ತು ದಾಟಿದ ಮೇಲೆ, ಅದೂ ಈ ದೇಶದಲ್ಲಿ ಕುಳಿತು ಓದಿ. ಅಜ್ಜ ಇದ್ದಾಗ ಒಮ್ಮೆಯೂ ಕೇಳಲಿಲ್ಲ.

ಆ ಹಿರಿಯರು ನಿನ್ನೆ ರಾತ್ರಿ ಪಟ ಹಾಕಿದ್ದಾರೆ: ಗುಂಡಿನ ಗುರುತುಗಳಿಗೆ ಬೆನ್ನು ಆನಿಸಿ, ತಂಪು ಕನ್ನಡಕ ಧರಿಸಿ, "ಹಗೆಯ ಊರಿನಲ್ಲಿ ಒಂದು ದಿನ" ಎಂಬ ಒಕ್ಕಣೆಯೊಂದಿಗೆ. ತೆಗೆದವನು ನಾನೇ. ಲೈಕ್ ಕೂಡ ಒತ್ತಿದ್ದೇನೆ.