ಲೂಸಿಗೆ ಆಧಾರ್ ಕಾರ್ಡ್ ಇರಲಿಲ್ಲ

ನಮ್ಮ ದೊಡ್ಡಪ್ಪನ ವಯಸ್ಸು ಮಂಡ್ಯ ಜಿಲ್ಲೆಯ ಒಂದು ಕಚೇರಿಗೆ ಮೂರು ವರ್ಷದಿಂದ ಬಿಡಿಸಲಾಗದ ಒಗಟು. ಆಧಾರ್ ಪ್ರಕಾರ ಅವರು ಹುಟ್ಟಿದ್ದು 1966ರ ಜನವರಿ 1ರಂದು. (ನಮ್ಮೂರಿನ ಹಿರಿಯರೆಲ್ಲ ಜನವರಿ 1ರಂದೇ ಹುಟ್ಟಿದವರು. ಸೂಲಗಿತ್ತಿಯ ಪಾಡು ನೆನೆದರೆ ಅಯ್ಯೋ ಎನಿಸುತ್ತದೆ.) ಮತದಾರರ ಚೀಟಿಯಲ್ಲಿ ಎಪ್ಪತ್ತಾರು. ರೇಷನ್ ಕಾರ್ಡಿನಲ್ಲಿ ಸ್ವಂತ ತಮ್ಮನಿಗಿಂತ ಚಿಕ್ಕವರು. ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ತುಂಬಿರಬೇಕು. “1956ರಲ್ಲಿ ರಾಜ್ಯ ಒಂದಾದಾಗ ತಂಗಿಯನ್ನು ಕಂಕುಳಲ್ಲಿ ಎತ್ತಿಕೊಂಡು ತಿರುಗುತ್ತಿದ್ದೆ ಸ್ವಾಮಿ” ಎಂದರು ದೊಡ್ಡಪ್ಪ. ಭೂವಿಜ್ಞಾನಿಗಳಾಗಿದ್ದರೆ ಕಾಲ ಹೇಳುವ ಪದರ ಸಿಕ್ಕಿತೆಂದು ಕುಣಿಯುತ್ತಿದ್ದರು. ಗುಮಾಸ್ತರು, “ಅದಕ್ಕೆ ದಾಖಲೆ?” ಎಂದರು.

ಲೂಸಿ ಎಂದರೆ ಇಥಿಯೋಪಿಯಾದ ಹಡಾರ್‌ನಲ್ಲಿ 1974ರಲ್ಲಿ ಸಿಕ್ಕ, ಮನುಷ್ಯನ ಪೂರ್ವಜರ ಬಳಗದ ಹೆಣ್ಣೊಬ್ಬಳ ಪಳೆಯುಳಿಕೆ. ಅವಳಿಗೆ ಆಧಾರ್ ಇಲ್ಲ, ಟಿ.ಸಿ. ಇಲ್ಲ, ಮೈಯ ಮೂಳೆಗಳೇ ಅರ್ಧದಷ್ಟಿಲ್ಲ. ಆದರೂ 32 ಲಕ್ಷ ವರ್ಷ ಹಿಂದಿನವಳೆಂದು ಲೆಕ್ಕ ಸಿಕ್ಕಿತು. ಅವಳು ಹೂತಿದ್ದ ಕಡೆಯ ಪದರಗಳಲ್ಲಿ ಜ್ವಾಲಾಮುಖಿಯ ಬೂದಿ ಇತ್ತು. ಬೂದಿಯ ಹರಳಿನೊಳಗಿನ ಪೊಟ್ಯಾಸಿಯಂ ನಿಧಾನವಾಗಿ ಆರ್ಗಾನ್ ಆಗುತ್ತಾ ಹೋಗುತ್ತದೆ. ಆರ್ಗಾನ್ ಎಷ್ಟು ಕೂಡಿದೆಯೆಂದು ಅಳೆದರೆ ಬೂದಿ ಬಿದ್ದ ಕಾಲ ತಿಳಿಯುತ್ತದೆ. ಕಟ್ಟಕಡೆಯ ದವಡೆಹಲ್ಲು ಮೂಡಿ ತುಸು ಸವೆದಿದ್ದರಿಂದ, ಸಾಯುವ ಹೊತ್ತಿಗೆ ಪ್ರಾಯಕ್ಕೆ ಬಂದಿದ್ದಳೆಂದೂ ಗೊತ್ತಾಯಿತು. ಇದನ್ನು ಕೇಳಿ ದೊಡ್ಡಪ್ಪನೂ ಕೌಂಟರಿನಲ್ಲಿ ಬಾಯಿ ತೆರೆದು ಉಳಿದ ಮೂರು ಹಲ್ಲು ತೋರಿಸಿದರು. ಗುಮಾಸ್ತರು ಜೆರಾಕ್ಸ್ ತರಲು ಹೇಳಿದರು.

ಪಕ್ಕದ ಮೇಜಿನವರು ವಿಜ್ಞಾನ ಬಲ್ಲವರು. ಕಾರ್ಬನ್ ಪರೀಕ್ಷೆ ಮಾಡಿಸಿ ಎಂದರು. ಅದು ಸುಮಾರು 50,000 ವರ್ಷದಾಚೆಗೆ ಕೈಕೊಡುತ್ತದೆ, ಲೂಸಿಗೇ ಸಲ್ಲದು. ದೊಡ್ಡಪ್ಪನ ತೊಡಕು ಇನ್ನೊಂದು ಬಗೆಯದು: ಉಸಿರು ನಿಂತ ಮೇಲಷ್ಟೇ ಆ ಗಡಿಯಾರ ಓಡುವುದು.

ಹೊರಗೆ ಹೊಂಗೆ ಮರದ ಕೆಳಗೆ ಕೂರುವ ಏಜೆಂಟನೇ ನಿಜವಾದ ತಜ್ಞ. 1950ರ ದಶಕದ ಶಾಲಾ ದಾಖಲೆಯನ್ನು ಎರಡು ದಿನದಲ್ಲಿ ಬರೆಸಿ, ಟೀ ಡಿಕಾಕ್ಷನ್ನಿನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ ಕೊಡುತ್ತಾನೆ. ಅದಕ್ಕೆ ಕಚೇರಿಯಲ್ಲಿ ಸೀಲು ಬೀಳುತ್ತದೆ. ದೊಡ್ಡಪ್ಪನ ನೆರೆತ ಮೀಸೆಗೆ ಬೀಳುವುದಿಲ್ಲ. ಇಂಗ್ಲೆಂಡಿನ ಪಿಲ್ಟ್‌ಡೌನ್‌ನಲ್ಲೂ ಇಂಥದ್ದೇ ಕಸುಬು ನಡೆದಿತ್ತು. ಮನುಷ್ಯನ ಬುರುಡೆಗೆ ಒರಾಂಗುಟಾನ್ ದವಡೆ ಜೋಡಿಸಿ, ಹಲ್ಲು ಉಜ್ಜಿ, ಬಣ್ಣ ಹಚ್ಚಿ, 1912ರಲ್ಲಿ ಆದಿಮಾನವನೆಂದು ಜಗತ್ತಿನ ಮುಂದಿಟ್ಟರು. ಬಯಲಾದದ್ದು 1953ರಲ್ಲಿ. ನಮ್ಮ ಕಚೇರಿಗೆ ಬಂದಿದ್ದರೆ ಆ ಬುರುಡೆಗೆ ಈಗಲೂ ತಿಂಗಳು ತಿಂಗಳು ಪಿಂಚಣಿ ಜಮೆಯಾಗುತ್ತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ದೊಡ್ಡಪ್ಪ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: “ಆ ಹೆಣ್ಣುಮಗಳಿಗೆ ಬೂದಿ ಒಂದೇ ಸಾಕಾಯಿತಾ? ಹಾಗಾದರೆ ನನ್ನ ಅರ್ಜಿಯನ್ನೂ ಅಲ್ಲಿಯವರೆಗೆ ಇಟ್ಟಿರು.”