ಫೋನ್ ಬರಲಿಲ್ಲ ಅಂದ್ರೆ ಚಲೋ ಅದಾನ ಅಂತ

ಕಳೆದ ವರ್ಷದ, ಅಂದರೆ 2025ರ ಮೇ 8ರ ರಾತ್ರಿ ನನಗೆ ಇನ್ನೂ ಮರೆತಿಲ್ಲ. ಆಪರೇಷನ್ ಸಿಂಧೂರ ಶುರುವಾಗಿ ಎರಡನೇ ದಿನ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಟಿವಿ ಜೋರಾಗಿ ಓಡ್ತಿತ್ತು. ಕರಾಚಿ ಬಂದರು ಧ್ವಂಸ ಅಂತ ದೊಡ್ಡ ಅಕ್ಷರ, ಹಿಂದೆ ಬಿಡದೆ ಕೂಗುವ ಸೈರನ್. ಪಕ್ಕದ ಮನೆ ಅಕ್ಕಾರು ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಮೊಬೈಲ್, ಚಾರ್ಜರ್ ವೈರ್ ಕೂಡ ಬಿಚ್ಚಿರಲಿಲ್ಲ, ಹಾಗೇ ಕಿತ್ತುಕೊಂಡು ಬಂದಿದ್ದರು.

"ತಂಗಿ, ಆ ಸೈರನ್ ಸ್ವಲ್ಪ ಸಣ್ಣ ಮಾಡ್ತೀಯೇನ್ವಾ?"

ಅವರ ಮಗ ಸೈನ್ಯದಲ್ಲಿ, ಜಮ್ಮು ಕಡೆ ಇದ್ದಾನೆ. ನಾನು ಟಿವಿ ಆಫ್ ಮಾಡಿ, ಫೋನ್ ಬಂತಾ ಅಂತ ಕೇಳಿದೆ. "ಇಲ್ಲವಾ. ಫೋನ್ ಬರಲಿಲ್ಲ ಅಂದ್ರ ಚಲೋ ಅದೀನಿ ಅಂತ ತಿಳ್ಕೊ, ಏನಾರ ಆದ್ರ ಅವರ ಮಾಡ್ತಾರ ಅಂತ ಹೇಳ್ಯಾನ" ಅಂದರು. ಮೊಬೈಲ್ ಮಾತ್ರ ಕೈಯಿಂದ ಇಳಿಸಲಿಲ್ಲ.

ಕರಾಚಿ ಸುದ್ದಿ ಸುಳ್ಳು ಅಂತ ಆಮೇಲೆ ಗೊತ್ತಾಯಿತು. ಟಿವಿ ಕಾರ್ಯಕ್ರಮಗಳಲ್ಲಿ ಸೈರನ್ ಸದ್ದು ಹಾಕಬೇಡಿ ಅಂತ ಕೊನೆಗೆ ಕೇಂದ್ರ ಸರ್ಕಾರವೇ ಹೇಳಬೇಕಾಯಿತು. ಆದರೆ ನನಗೆ ಸಿಟ್ಟು ಬರೀ ಟಿವಿಯವರ ಮೇಲಲ್ಲ. ಆ ರಾತ್ರಿ ನನಗೂ ಹುರುಪು ಬಂದಿತ್ತು, ಅಕ್ಕಾರು ಬಾಗಿಲಿಗೆ ಬರೋ ತನಕ. ಮೇ 10ರ ಸಂಜೆ ಕದನ ವಿರಾಮ ಅಂದಾಗ ನಮ್ಮ ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ "ಛೇ, ಯಾಕೆ ನಿಲ್ಲಿಸಿದ್ರು", "ಇನ್ನೆರಡು ದಿನ ಬಿಡಬೇಕಿತ್ತು" ಅಂತ ಸಾಲುಸಾಲು ಮೆಸೇಜ್. ಆ ಗ್ರೂಪಿನಲ್ಲಿ ಅಕ್ಕಾರೂ ಇದ್ದಾರೆ. ಆ ಎರಡು ದಿನ ಯಾರ ಮಗನ ಮೇಲೆ ಬೀಳ್ತಿತ್ತು?

ಯುದ್ಧ ನಿಲ್ಲಿಸಬೇಕೋ ಬೇಡವೋ ಅನ್ನೋ ಬಗ್ಗೆ ಯಾರು ಏನು ಬೇಕಾದರೂ ಹೇಳಲಿ, ಅದು ಅವರವರ ಅಭಿಪ್ರಾಯ. ನಾನು ಕೇಳೋದು ಇಷ್ಟೇ. ಮಾತಾಡುವಾಗ ಅಲ್ಲಿ ನಿಂತವನ ಮೈ ನೆನಪಿರಲಿ. ಅವನಿಗೂ ಚಳಿ ಆಗುತ್ತೆ, ಹೆದರಿಕೆ ಆಗುತ್ತೆ. ಕಾರ್ಗಿಲ್‌ನಲ್ಲಿ ಸತ್ತ ನಮ್ಮ ಸೈನಿಕರು 527, ಗಾಯಗೊಂಡವರು 1300ಕ್ಕೂ ಜಾಸ್ತಿ. ಸತ್ತವರಿಗೆ ಪ್ರತಿ ಜುಲೈ 26ಕ್ಕೆ ಹೂವು ಇಡ್ತೀವಿ. ಕಾಲು ಕಳೆದುಕೊಂಡು ಮನೆಗೆ ಬಂದವರನ್ನು ನಾವು ಎಷ್ಟು ಜನ ಹೋಗಿ ಮಾತಾಡಿಸಿದ್ದೀವಿ?

ಇನ್ನು ಅಪಾಯ ಅಂದ್ರೆ ಬರೀ ಗುಂಡು ಅಂದುಕೊಂಡಿದ್ದೀವಿ. ನಮ್ಮ ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರ ಮೇಲೆ ಯಾರೂ ಗುಂಡು ಹಾರಿಸಲಿಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಜನ ಹೂತುಹೋದರು. ಆರು ದಿನ ಆದಮೇಲೆ, 25 ಅಡಿಗೂ ಹೆಚ್ಚು ಹಿಮದ ಕೆಳಗೆ, ಇವರೊಬ್ಬರು ಉಸಿರಾಡ್ತಾ ಸಿಕ್ಕರು. ಆ ವಾರ ಇಡೀ ಕರ್ನಾಟಕ ದೇವರಿಗೆ ಹರಕೆ ಹೊತ್ತಿತ್ತು. ಫೆಬ್ರವರಿ 11ಕ್ಕೆ ದೆಹಲಿಯಲ್ಲಿ ತೀರಿಕೊಂಡರು. ಅದೇ ಹಿಮದಲ್ಲಿ ಹಾಸನ ಕಡೆಯವರೊಬ್ಬರು, ಎಚ್.ಡಿ. ಕೋಟೆ ಕಡೆಯವರೊಬ್ಬರು ಕೂಡ ಹೋದರು. ಅವರ ಹೆಸರು ಈಗ ಎಷ್ಟು ಜನರಿಗೆ ನೆನಪಿದೆ?

"ಸಂಬಳ ತಗೊಳ್ತಾರಲ್ವಾ, ಅವರ ಕೆಲಸ ಅದು" ಅನ್ನೋರೂ ಇದ್ದಾರೆ. ಹೌದು, ತಗೊಳ್ತಾರೆ. ಆ ಸಂಬಳದಲ್ಲಿ ಮನೆ ನಡೆಯುತ್ತೆ, ತಂಗಿ ಮದುವೆ ಆಗುತ್ತೆ. ಜೀವಕ್ಕೆ ಯಾವ ಲೆಕ್ಕದಲ್ಲಿ ಸಂಬಳ ಹಾಕ್ತೀರಿ?

ಅಕ್ಕಾರ ಮಗ ಜುಲೈನಲ್ಲಿ ರಜೆಗೆ ಬಂದಿದ್ದ. ಚಹಾ ಅಂಗಡಿ ಮುಂದೆ ಐದಾರು ಜನ ಸುತ್ತಿಕೊಂಡು "ಎಷ್ಟು ಮಂದಿನ ಹೊಡದಿ?" ಅಂತ ಕೇಳಿದ್ದನ್ನು ನಾನೇ ನೋಡಿದೆ. ಅವರದೂ ಪ್ರೀತಿಯೇ, ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅವನು ಚಹಾ ಕಪ್ ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ನೆ ಇದ್ದ. ಆಮೇಲೆ, ಹೊಲ ಇರೋ ಒಬ್ಬರ ಕಡೆ ತಿರುಗಿ ಕೇಳಿದ, "ಕಾಕಾ, ಹೆಸರು ಬೆಳಿಗೆ ಮಳಿ ಸಾಕಾತೇನ್ರಿ?"