ಒಂದು ಗಂಟೆಯ ಸೈಕಲ್ ದಾಖಲೆ ಮತ್ತು ನಮ್ಮ ಗಡಿಭಾಗದ ಮಕ್ಕಳ ತರಬೇತಿ

ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಬಹುಕಾಲದಿಂದ ರಾಷ್ಟ್ರಮಟ್ಟಕ್ಕೆ ಸೈಕಲ್ ಸ್ಪರ್ಧಿಗಳನ್ನು ಕೊಡುತ್ತ ಬಂದಿವೆ. ಆ ಹುರುಪು ಗಡಿ ದಾಟಿ ಮಹಾರಾಷ್ಟ್ರದಲ್ಲಿರುವ ನಮ್ಮ ಜತ್ತ ತಾಲ್ಲೂಕಿನ ಕನ್ನಡ ಊರುಗಳಿಗೂ ಹಬ್ಬಿದೆ. ಉಮದಿ, ಸಂಖ ಕಡೆಯ ರಸ್ತೆಗಳಲ್ಲಿ ನಸುಕಿನಲ್ಲೇ ಸೈಕಲ್ ತುಳಿಯುವ ಮಕ್ಕಳನ್ನು ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ, ಜೊತೆಗೆ ಕಳವಳವೂ ಆಗುತ್ತದೆ. ನಾವು ಅವರಿಗೆ ಹೇಳಿಕೊಡುತ್ತಿರುವುದು ಹೆಚ್ಚುಕಡಿಮೆ ಒಂದೇ ಮಾತು: ಇನ್ನೂ ಜೋರಾಗಿ ತುಳಿ. ಈ ಮಾತು ಎಷ್ಟು ಸಾಲದೆಂಬುದನ್ನು ಒಂದು ಗಂಟೆಯ ದಾಖಲೆಯ ಚರಿತ್ರೆ ಸ್ಪಷ್ಟವಾಗಿ ತೋರಿಸುತ್ತದೆ.

ಈ ದಾಖಲೆಯ ನಿಯಮ ಸರಳ. ವೆಲೊಡ್ರೋಮಿನಲ್ಲಿ, ಅಂದರೆ ಸೈಕಲ್ ಸ್ಪರ್ಧೆಗೆಂದೇ ಕಟ್ಟಿದ ಸುತ್ತುಪಥದಲ್ಲಿ, ಬ್ರೇಕ್ ಇಲ್ಲದ, ಒಂದೇ ಗೇರಿನ ಸೈಕಲ್ಲಿನಲ್ಲಿ, ಮುಂದೆ ಗಾಳಿ ತಡೆಯಲು ಯಾರೂ ಇಲ್ಲದೆ, ಒಬ್ಬರೇ ಅರವತ್ತು ನಿಮಿಷ ತುಳಿಯಬೇಕು. ಎಷ್ಟು ದೂರ ಸಾಗಿದರೋ ಅದೇ ದಾಖಲೆ. 1893ರಲ್ಲಿ ಪ್ಯಾರಿಸ್ಸಿನಲ್ಲಿ ಹೆನ್ರಿ ದೆಗ್ರಾಂಜ್ 35.325 ಕಿ.ಮೀ. ಸಾಗಿದ್ದರು. 2022ರ ಅಕ್ಟೋಬರ್ 8ರಂದು ಸ್ವಿಟ್ಜರ್‌ಲೆಂಡಿನ ಗ್ರೆಂಚೆನ್‌ನಲ್ಲಿ ಇಟಲಿಯ ಫಿಲಿಪ್ಪೊ ಗನ್ನಾ 56.792 ಕಿ.ಮೀ. ತಲುಪಿದರು. ಈ ಅಂತರವೆಲ್ಲ ಕಾಲಿನ ಬಲದಿಂದಲೇ ಬಂದದ್ದಲ್ಲ.

ಗಂಟೆಗೆ 50 ಕಿ.ಮೀ. ವೇಗದಲ್ಲಿ ಸವಾರ ಹಾಕುವ ಶಕ್ತಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ಗಾಳಿಯನ್ನು ಸರಿಸುವುದಕ್ಕೇ ಹೋಗುತ್ತದೆ. ಟಯರು, ಚೈನುಗಳ ಘರ್ಷಣೆಗೆ ಸಲ್ಲುವುದು ಉಳಿದ ಅಲ್ಪ ಪಾಲು ಮಾತ್ರ. ಗಾಳಿಯ ತಡೆಗೆ ಬೇಕಾದ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ವೇಗವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಬೇಕಾದರೆ ಶಕ್ತಿ ನೂರಕ್ಕೆ ಮೂವತ್ತಮೂರರಷ್ಟು ಹೆಚ್ಚಬೇಕು. ದೇಹದ ಎದುರುಭಾಗದ ವಿಸ್ತೀರ್ಣ ಮತ್ತು ಆಕಾರ ಎರಡನ್ನೂ ಕೂಡಿಸಿ ಲೆಕ್ಕ ಹಾಕುವ ತಡೆಯ ಅಳತೆ 0.20 ಚದರ ಮೀಟರ್ ಇದ್ದರೆ, 50 ಕಿ.ಮೀ. ವೇಗಕ್ಕೆ ಸುಮಾರು 330 ವ್ಯಾಟ್ ಸಾಕು. ಅದೇ ಅಳತೆ 0.24ಕ್ಕೆ ಏರಿದರೆ 390 ವ್ಯಾಟ್ ಬೇಕಾಗುತ್ತದೆ. ಕಾಲುಗಳಿಂದ ಹೆಚ್ಚುವರಿ ಅರವತ್ತು ವ್ಯಾಟ್ ಹೊರಡಿಸಲು ವರ್ಷಗಳ ತರಬೇತಿ ಬೇಕು, ಅನೇಕರಿಗೆ ಅದು ಎಂದೂ ದಕ್ಕುವುದಿಲ್ಲ. ಭುಜ ಕುಗ್ಗಿಸಿ, ತಲೆ ತಗ್ಗಿಸಿ, ಮೊಣಕೈಗಳನ್ನು ಒಳಗೆ ತರುವುದರಿಂದ ಅದರಲ್ಲಿ ಬಹುಪಾಲನ್ನು ಉಳಿಸಬಹುದು.

ಇದಕ್ಕೆ ಬ್ರಿಟನ್ನಿನ ಸೈಕಲ್ ಸ್ಪರ್ಧಿ ಕ್ರಿಸ್ ಬೋರ್ಡ್‌ಮನ್ ಅವರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1996ರಲ್ಲಿ ಮ್ಯಾಂಚೆಸ್ಟರಿನಲ್ಲಿ, ತೋಳುಗಳನ್ನು ನೀಳವಾಗಿ ಮುಂದಕ್ಕೆ ಚಾಚಿದ ಭಂಗಿಯಲ್ಲಿ ಅವರು 56.375 ಕಿ.ಮೀ. ಸಾಗಿದರು. ಬೆಲ್ಜಿಯಂನ ಎಡ್ಡಿ ಮೆರ್ಕ್ಸ್ 1972ರಲ್ಲಿ ಮೆಕ್ಸಿಕೊ ನಗರದಲ್ಲಿ ಬಳಸಿದಂಥ ಮಾಮೂಲಿ ಸೈಕಲ್ಲನ್ನೇ ಬಳಸಬೇಕೆಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ನಿಯಮ ಬದಲಿಸಿದ ಮೇಲೆ, 2000ದಲ್ಲಿ ಅದೇ ಬೋರ್ಡ್‌ಮನ್ ಮ್ಯಾಂಚೆಸ್ಟರಿನಲ್ಲೇ ಸಾಗಿದ್ದು 49.441 ಕಿ.ಮೀ.; ಮೆರ್ಕ್ಸ್ ಅವರ 49.431ಕ್ಕಿಂತ ಹತ್ತು ಮೀಟರ್ ಮಾತ್ರ ಹೆಚ್ಚು. ನಾಲ್ಕು ವರ್ಷಗಳಲ್ಲಿ ದೇಹದ ಕಸುವು ಒಂದಿಷ್ಟು ಇಳಿದಿರಬಹುದು, ಆದರೆ ಸುಮಾರು ಏಳು ಕಿಲೊಮೀಟರುಗಳ ಈ ಕುಸಿತಕ್ಕೆ ಮುಖ್ಯ ಕಾರಣ ಭಂಗಿ ಮತ್ತು ಸೈಕಲ್ಲು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಮೆರ್ಕ್ಸ್ ಮೆಕ್ಸಿಕೊಗೆ ಹೋದದ್ದೂ ಗಾಳಿಯ ಲೆಕ್ಕದಿಂದಲೇ. 2,200 ಮೀಟರಿಗೂ ಮಿಕ್ಕಿದ ಎತ್ತರದಲ್ಲಿ ಗಾಳಿ ತೆಳುವಾಗಿರುತ್ತದೆ; ಉಸಿರಿಗೆ ಆಮ್ಲಜನಕ ಕಡಿಮೆಯಾಗಿ ತುಳಿಯುವ ಶಕ್ತಿ ಕುಗ್ಗಿದರೂ ತಡೆ ಅದಕ್ಕಿಂತ ಹೆಚ್ಚು ತಗ್ಗುತ್ತದೆ.

ನನ್ನನ್ನು ಅತಿಯಾಗಿ ಸೆಳೆಯುವ ಹೆಸರುಗಳು ಮಾತ್ರ ಬೇರೆ. ಗನ್ನಾಗಿಂತ ಸುಮಾರು ಏಳು ವಾರ ಮೊದಲು 55.548 ಕಿ.ಮೀ. ಸಾಗಿ ದಾಖಲೆ ಮಾಡಿದ ಡ್ಯಾನ್ ಬಿಗಮ್ ವೃತ್ತಿಯಿಂದ ಎಂಜಿನಿಯರ್. 2023ರಲ್ಲಿ ಮೆಕ್ಸಿಕೊದ ಅಗ್ವಾಸ್ಕಾಲಿಯೆಂತೆಸ್‌ನಲ್ಲಿ 50.267 ಕಿ.ಮೀ. ಸಾಗಿ, ಈ ದಾಖಲೆಯಲ್ಲಿ ಐವತ್ತರ ಗಡಿ ದಾಟಿದ ಮೊದಲ ಮಹಿಳೆಯಾದ ವಿತ್ತೋರಿಯಾ ಬುಸ್ಸಿ ಆಕ್ಸ್‌ಫರ್ಡಿನಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದವರು. ನಮ್ಮ ಶಾಲೆಗಳಲ್ಲಿ ಆಟದ ಮಾಸ್ತರರು ಮೈದಾನದಲ್ಲಿದ್ದರೆ ಗಣಿತ, ವಿಜ್ಞಾನದ ಮಾಸ್ತರರು ಸ್ಟಾಫ್ ರೂಮಿನಲ್ಲಿರುತ್ತಾರೆ. ಕಲಿಕೆಯಲ್ಲಿ ಚುರುಕಾದ ಮಕ್ಕಳು ಆಟಕ್ಕೆ ಹೋದರೆ ಮನೆಯವರು ಬೇಸರಪಡುತ್ತಾರೆ. ಈ ವಿಂಗಡಣೆಯಿಂದ ಎರಡೂ ಕಡೆಯವರಿಗೆ ನಷ್ಟವಾಗುತ್ತಿದೆಯೆಂದು ನಾನು ನಂಬುತ್ತೇನೆ.

ನಮ್ಮ ಭಾಗಕ್ಕೆ ಗಾಳಿಯ ಪಾಠ ಹೊರಗಿನಿಂದ ಬರಬೇಕಾಗಿಲ್ಲ. ಜತ್ತಿನ ಬಯಲಿನಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿರುವುದೇ ಗಾಳಿ ಇರುವುದರಿಂದ. 30 ಕಿ.ಮೀ. ವೇಗದಲ್ಲಿ ಹೋಗುವ ಹುಡುಗನಿಗೆ 15 ಕಿ.ಮೀ. ವೇಗದ ಎದುರುಗಾಳಿ ಬಂದರೆ, ಅದೇ ವೇಗ ಕಾಯ್ದುಕೊಳ್ಳಲು ಗಾಳಿಗಾಗಿ ಹಾಕಬೇಕಾದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ. ಈಚೆಗೆ ಪ್ರೌಢಶಾಲೆಯ ಹುಡುಗಿಯೊಬ್ಬಳು ಸಡಿಲವಾದ ಅಂಗಿ ತೊಟ್ಟು, ಮೊಣಕೈಗಳನ್ನು ಅಗಲಿಸಿ, ಎದೆ ಎತ್ತಿ ತುಳಿಯುತ್ತಿದ್ದಳು. ಬೆನ್ನ ಮೇಲೆ ಅಂಗಿ ಉಬ್ಬಿ ಪಟಪಟ ಬಡಿದುಕೊಳ್ಳುತ್ತಿತ್ತು. ಅಂಗಿಯನ್ನು ಬಿಗಿಯಾಗಿ ಸಿಕ್ಕಿಸಿ, ಹ್ಯಾಂಡಲಿನ ಕೆಳಬಾಗು ಹಿಡಿದು ತುಳಿಯಲು ಹೇಳಿದೆ. ಮರಳಿ ಬಂದು ಅವಳು ಹೇಳಿದ್ದು: "ಸರ, ತಲಿ ತಗ್ಗಿಸಿದ ಕೂಡ್ಲೆ ಕಿವ್ಯಾಗ ಗಾಳಿ ಸಪ್ಪಳ ಕಡಿಮಿ ಆತ್ರಿ." ತಡೆ ತಗ್ಗಿದ್ದನ್ನು ಅವಳು ಯಾವ ಉಪಕರಣವೂ ಇಲ್ಲದೆ ಗಮನಿಸಿದ್ದಳು.

ಇನ್ನೊಂದು ಸಂಗತಿ ಸೆಕೆಯದು. ತಿಂದ ಆಹಾರದ ಶಕ್ತಿಯಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಪೆಡಲಿಗೆ ಸೇರುತ್ತದೆ. 350 ವ್ಯಾಟ್ ತುಳಿಯುವವರ ದೇಹ ಸಾವಿರ ವ್ಯಾಟಿಗೂ ಹೆಚ್ಚಿನ ಶಾಖವನ್ನು ಹೊರಹಾಕಬೇಕಾಗುತ್ತದೆ. ಬಿಸಿಗಾಳಿ ತೆಳುವಾಗಿರುವುದರಿಂದ ವೇಗಕ್ಕೆ ಅನುಕೂಲವೇ, ಆದರೆ ದೇಹಕ್ಕೆ ಅದು ದಂಡನೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಹತ್ತು ಗಂಟೆಯ ಬಿಸಿಲಿಗೆ ಮಕ್ಕಳನ್ನು ರಸ್ತೆಗಿಳಿಸಿ, ಗಟ್ಟಿಯಾಗಲಿ ಎನ್ನುವ ತರಬೇತುದಾರರ ಮಾತನ್ನು ನಾನು ಒಪ್ಪಲಾರೆ.

ಇದಕ್ಕೆಲ್ಲ ಲಕ್ಷಗಟ್ಟಲೆ ಬೆಲೆಯ ಸೈಕಲ್ಲು ಬೇಕಿಲ್ಲ. ಸಂಚಾರ ವಿರಳವಾದ ಒಂದು ಸಮತಟ್ಟು ರಸ್ತೆ, ಗಾಳಿ ಏಳುವ ಮುನ್ನಿನ ಹೊತ್ತು, ಒಂದು ಗಡಿಯಾರ, ಒಂದು ನೋಟ್‌ಬುಕ್ಕು, ಜೊತೆಗೆ ಹಿಂದೆ ಬೈಕಿನಲ್ಲಿ ಕಾವಲಿಗೊಬ್ಬ ಹಿರಿಯರು ಇದ್ದರೆ ಸಾಕು. ಹಿರಿಯ ಮಕ್ಕಳು ಇಪ್ಪತ್ತು ನಿಮಿಷ ತುಳಿಯಲಿ. ಐದೈದು ನಿಮಿಷಕ್ಕೆ ಸಾಗಿದ ದೂರವನ್ನು ಬರೆದಿಟ್ಟರೆ, ಆರಂಭದಲ್ಲಿ ನುಗ್ಗಿದವರು ಕೊನೆಗೆ ಎಷ್ಟು ಕಳೆದುಕೊಂಡರೆಂಬುದು ಅವರಿಗೇ ಕಾಣುತ್ತದೆ. ಬೇರೆ ಭಂಗಿಯಲ್ಲಿ, ಗಾಳಿ ಅಷ್ಟೇ ಇರುವ ಇನ್ನೊಂದು ದಿನ ಅದನ್ನೇ ಮಾಡಿ ಹೋಲಿಸಿದರೆ ಹತ್ತನೆಯ ತರಗತಿಯ ವಿಜ್ಞಾನಕ್ಕೆ ಅದಕ್ಕಿಂತ ಒಳ್ಳೆಯ ಪ್ರಯೋಗ ಸಿಗದು. ಜತ್ತ, ಅಕ್ಕಲಕೋಟೆ ಭಾಗದ ಕನ್ನಡ ಶಾಲೆಗಳ ವಿಜ್ಞಾನ ಶಿಕ್ಷಕರಲ್ಲಿ ಆಸಕ್ತಿ ಇರುವವರು ದಯವಿಟ್ಟು ಇಲ್ಲಿ ಬರೆಯಿರಿ. ಲೆಕ್ಕದ ಹಾಳೆಯನ್ನು ಸಿದ್ಧಪಡಿಸಿಕೊಡುವ ಹೊಣೆ ನನ್ನದು.